ಕೆರೆಯ ಉದಾಹರಣೆ

ಕೆರೆಯ ಉದಾಹರಣೆ ಕೊಟ್ಟವನು ನಾನೋ ಕಾಕಾನೋ ಎಂಬುದು ಇಂದಿಗೂ ನನಗೆ ಖಚಿತವಿಲ್ಲ. ಟಿಪ್ಪಣಿ ಪುಸ್ತಕವನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಪ್ರಶ್ನೆ ಇದೆ, ಉತ್ತರ ಇದೆ, ಉದಾಹರಣೆ ಮಾತ್ರ ಇಲ್ಲ.

ಕೆಲವು ವರ್ಷಗಳ ಹಿಂದೆ ಪಿಎಚ್‌ಡಿಗಾಗಿ ಪ್ರಶ್ನಾವಳಿ ಹಿಡಿದು, ಯರಗುಪ್ಪಿಯಾಚೆಗಿನ ನಮ್ಮೂರಿಗೆ ಹೋಗಿದ್ದೆ. ತಮ್ಮ ಸೀಮೆಯ ಅಭಿಮಾನ ಗಟ್ಟಿಯಾಗಿರುವ ಜನ ದೇಶದ ಗಡಿ ಮೀರಿದ ಒಕ್ಕೂಟವನ್ನು ಒಪ್ಪುತ್ತಾರೆಯೇ ಎಂಬುದು ನನ್ನ ವಿಷಯ. ನಾವು, ನೇಪಾಳ, ಶ್ರೀಲಂಕಾ, ಬಾಂಗ್ಲಾ ಸೇರಿ ಒಂದೇ ಸಂಸತ್ತು, ಒಂದೇ ನಾಣ್ಯ ಮಾಡಿಕೊಂಡರೆ ನಿಮಗೆ ಒಪ್ಪಿಗೆಯೇ?

ಕಟ್ಟೆಯ ಮೇಲಿದ್ದವರು ನಕ್ಕರು.

“ಬಾಜೂ ಊರಿಗೇ ಹೆಣ್ಣು ಕೊಡೂದಿಲ್ಲ ನಾವು. ನೇಪಾಳದಾವ್ರ ಕೂಡ ಏನ್ ಸಂಸಾರ ಮಾಡೂಣಪಾ?”

“ಧಾರವಾಡದಾಗಿನ ಸಾಹೇಬ್ರ ನಮ್ಮ ಮಾತು ಕೇಳೂದಿಲ್ಲ, ಅಲ್ಲಿಯಾವ್ರು ಕೇಳ್ತಾರೇನ್ಲೇ?”

ಆಗ ಯಾರೋ, ಬಹುಶಃ ನಾನೇ, ತಿಳಿಯುವಂತೆ ಹೇಳಲು ಹೋದದ್ದು: ನಮ್ಮ ಕೆರೆ, ಬಾಜು ಊರಿನ ಕೆರೆ ಎರಡನ್ನೂ ಕೂಡಿಸಿ ಒಂದೇ ಕಮಿಟಿಯ ಕೈಗೆ ಕೊಟ್ಟ ಹಾಗೆ.

ನಗು ನಿಂತಿತು. ಬೋರ್‌ವೆಲ್ ನೀರೆಲ್ಲ ಉಪ್ಪಾಗಿರುವ ಆ ಎರೆನೆಲದಲ್ಲಿ ಕುಡಿಯಲು ಕೆರೆಯೊಂದೇ. ಚಪ್ಪಲಿ ಕಳಚದೆ ಯಾರೂ ಅದಕ್ಕೆ ಇಳಿಯುವುದಿಲ್ಲ.

ಕಾಕಾ, ಅಂದರೆ ಅಪ್ಪನ ತಮ್ಮ, ಒಬ್ಬನೇ ಮಾತಾಡಿದ. “ಕೂಡಿದ್ರ ಇಬ್ಬರಿಗೂ ಛಲೋನ. ಬರ್ಕೋ ತಮ್ಮಾ, ನಂದು ಒಪ್ಪಿಗಿ.”

ದೇಶಗಳಿಗೋ ಕೆರೆಗಳಿಗೋ ಎಂದು ನಾನು ಕೇಳಲಿಲ್ಲ. ಟಿಕ್ ಹಾಕಿ ಸಹಿ ಪಡೆದೆ.

ಸಂಜೆಗೆ ಊರಲ್ಲಿ ಬೇರೆ ಸುದ್ದಿಯಾಗಿತ್ತು: ಕೆರೆ ಬಿಟ್ಟುಕೊಡಲು ಕಾಕಾ ಸಹಿ ಹಾಕಿದ್ದಾನೆ, ಕಾಗದ ತಂದವನು ಅವನ ಅಣ್ಣನ ಮಗನೇ. ನೀರಿಗೆ ಹೋಗಿದ್ದ ಚಿಗವ್ವ, ಕಾಕಾನ ಹೆಂಡತಿ, ಕೊಡ ಇಳಿಸಿ, “ಯಾರೂ ಬೈಲಿಲ್ಲ. ಸರದು ದಾರಿ ಬಿಟ್ರು” ಎಂದಳು.

“ನಾ ಹೋಗಿ ತಿಳಿಸಿ ಬರ್ತೀನಿ” ಎಂದೆ.

“ಏನಂತ ತಿಳಸ್ತಿ? ಸಹಿ ನಂದ ಐತೆಲ್ಲ” ಎಂದ ಕಾಕಾ.

ಬೇಸಿಗೆಯಲ್ಲಿ ಕೆರೆಯ ಹೂಳೆತ್ತಲು ಮನೆಗೊಂದು ಆಳು ಹೋಗಬೇಕು. ಹಲಗೆ ಬಾರಿಸುವವನು ಪ್ರತಿ ಬಾಗಿಲಲ್ಲೂ ನಿಂತು ಕರೆಯುತ್ತಾನೆ. ಕರೆದ ಮನೆಗಷ್ಟೇ ಕೆರೆಯ ಹಕ್ಕು. ಮರುದಿನ ಬೆಳಿಗ್ಗೆ ಹಲಗೆಯ ಸದ್ದು ನಮ್ಮ ಓಣಿಗೆ ಬಂತು. ಪಕ್ಕದ ಮನೆಯ ಮುಂದೆ ನಿಂತಿತು. ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಮುಂದಿನ ಮನೆಯೆದುರು ಮತ್ತೆ ನಿಂತಿತು.

ಕಾಕಾ ಬುಟ್ಟಿ ಎತ್ತಿಕೊಂಡ.

“ಕರೀಲಿಲ್ಲಲ್ಲ, ಕಾಕಾ.”

“ಇಷ್ಟು ವರ್ಷ ಕರದಾರಂತ ಹೋಗಿದ್ನೇನ್ಲೇ?”

ಕೆರೆಯಂಗಳದಲ್ಲಿ ಜನ ಸಾಲಾಗಿ ನಿಂತು ಹೂಳಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕಾಕಾ ಚಪ್ಪಲಿ ಬಿಟ್ಟು ಇಳಿದ, ಬುಟ್ಟಿ ತುಂಬಿಸಿ ಚಾಚಿದ. ಪಕ್ಕದವನು ಕೈ ನೀಡಲಿಲ್ಲ. ಸಾಲು ಒಂದು ಹೆಜ್ಜೆ ಸರಿದು, ಅವನನ್ನು ಹೊರಗಿಟ್ಟು ಮತ್ತೆ ಕೂಡಿಕೊಂಡಿತು. ತುಂಬಿದ ಬುಟ್ಟಿ ಹಿಡಿದು ಅವನು ನಿಂತೇ ಇದ್ದ. ಆ ಉದಾಹರಣೆ ನನ್ನದು ಎಂದು ನಾನು ಏರಿಯ ಮೇಲಿಂದ ಕೂಗಿದೆ.

ಕೂಗಿದೆ ಎಂದೇ ಬಹಳ ಕಾಲ ನಂಬಿದ್ದೆ. ಮೊನ್ನೆ ಚಿಗವ್ವನ ಮುಂದೆ ಆ ಮಾತು ತೆಗೆದಾಗ ಅವಳು ನನ್ನನ್ನೇ ನೋಡಿದಳು. “ನೀ ಎಲ್ಲಿ ಕೆರಿಗೆ ಬಂದಿದ್ಯೋ? ಅವತ್ತ ಮುಂಜಾನಿ ಬಸ್ಸಿಗೇ ಕುಂದಗೋಳಕ್ಕ ಹೋದಿ.”

ಹಾಗಾದರೆ ಆ ಸಾಲು, ಆ ಬುಟ್ಟಿ, ಅದನ್ನೆಲ್ಲ ನಾನು ಯಾರ ಕಣ್ಣಿಂದ ಕಂಡೆ?

ಕಾಕಾ ಈಗ ಬಾಜು ಊರಿನ ಕೆರೆಯಿಂದ ಸೈಕಲ್ ಮೇಲೆ ಕೊಡ ತರುತ್ತಾನೆ. ಈ ಬೇಸಿಗೆ ಅಲ್ಲಿಯೂ ನೀರು ತಳ ಮುಟ್ಟಿದೆ. ಹೋದ ವಾರ ಯಾರೋ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿ, ಮೆಲ್ಲಗೆ ಕೇಳಿದರಂತೆ: “ನಿಮ್ದು ಯಾವೂರ್ರಿ?”