ತಮ್ಮನ ಜೊತೆ ಮಾತಾಡದ ಆದಮ್ಮ

ಸಾಲಗುಂದದಲ್ಲಿ ನಮ್ಮ ಪಕ್ಕದ ಮನೆಯ ಆದಮ್ಮ ಕುರಿ ಕಾಯುವವಳು. ಒಂದು ಟಗರಿಗಾಗಿ ತಮ್ಮ ಗದ್ದೆಪ್ಪನೊಡನೆ ಜಗಳವಾಡಿ ಆರು ವರ್ಷ ಮಾತು ಬಿಟ್ಟಿದ್ದಳು. ಹಿಂಡು ಪಾಲಾಯಿತು. ಅವಳ ಕುರಿಗಳ ಬೆನ್ನಿಗೆ ಕೆಂಪು ಬಣ್ಣ, ಅವನವಕ್ಕೆ ಹಸಿರು. ಆ ಟಗರು ಸತ್ತೇ ನಾಲ್ಕು ವರ್ಷವಾಗಿತ್ತು, ಹೇಳಿದರೆ ಯಾರು ಕೇಳಬೇಕು.

ಹೋದ ವರ್ಷ ಗದ್ದೆಪ್ಪನಿಗೆ ರಕ್ತದ ಕ್ಯಾನ್ಸರ್ ಬಂತು. ಬೇರೆಯವರ ಎಲುಬಿನ ಮಜ್ಜೆ ಹಾಕದಿದ್ದರೆ ಉಳಿಯುವುದಿಲ್ಲ ಎಂದರು. ಪೂರ್ತಿ ಹೊಂದುವವರು ಸಿಗಲಿಲ್ಲ. ಅರ್ಧ ಹೊಂದಿದ್ದು ಅವನ ಮಗಳದು ಮತ್ತು ಆದಮ್ಮನದು. ಆದಮ್ಮ ಕುರಿಗಳನ್ನು ನನ್ನ ಗಂಡನಿಗೆ ಒಪ್ಪಿಸಿ, ನನ್ನನ್ನೂ ಎಳೆದುಕೊಂಡು ಹೈದರಾಬಾದಿನ ಬಸ್ಸು ಹತ್ತಿದಳು. ಅಲ್ಲಿನ ಆಸ್ಪತ್ರೆಯ ಡಾಕ್ಟರು ನಮ್ಮ ಲಿಂಗಸುಗೂರು ಕಡೆಯವರೇ. ಅವರು ಆದಮ್ಮನನ್ನೇ ಆರಿಸಿದರು.

"ಮಗಳಿಗಿಂತ ನಾ ಹೆಚ್ಚು ಹೆಂಗ್ರಿ?" ಎಂದಳು ಆದಮ್ಮ.

"ರಕ್ತದಾಗ ಕಾವಲು ಜೀವಕೋಶ ಇರ್ತಾವಮ್ಮ. ಕೊಲ್ಲಾಕ ಯಾವಾಗಲೂ ತಯಾರ. ಎದುರಿನ ಜೀವಕೋಶದ ಮ್ಯಾಲೆ ತಮ್ಮ ಮನಿ ಗುರುತು ತಾಕಿದ್ರ ಬ್ರೇಕ್ ಬೀಳ್ತದ, ಬಿಟ್ಟು ಮುಂದ ಹೋಗ್ತಾವ. ಮಗಳವು ಹುಡುಕೋ ಗುರುತು ನಿನ್ನ ತಮ್ಮನ ಮೈಯಾಗ ಅದ, ನಿನ್ನವು ಹುಡುಕೋದು ಇಲ್ಲ. ಹಿಂಗಾಗಿ ಅವನ ಕ್ಯಾನ್ಸರನ್ನ ಅವು ಬಿಡಂಗಿಲ್ಲ."

"ಕೆಂಪು ಬಣ್ಣ ಇಲ್ಲದ ಕುರಿ ಹಿಂಡಿನ್ಯಾಗ ಬಂದ್ರ ನಾ ಬಡಿಗಿ ಎತ್ತೀನಲ್ರಿ, ಹಂಗ. ಮತ್ತ ಅವನ ಚಲೋ ಜೀವಕೋಶಕ್ಕೂ ಬಡದ್ರ?"

"ಬರೇ ಗುರುತಿಲ್ಲಂತ ಬಡಿಯಂಗಿಲ್ಲ. ರೋಗ ಹತ್ತಿದ ಜೀವಕೋಶ ಬ್ಯಾರೆ ಸುಳಿವೂ ಕೊಡ್ತದ. ಎರಡೂ ಕೂಡಬೇಕು."

ಆದಮ್ಮನಿಗೆ ಚೆನ್ನಾಗಿ ಅರ್ಥವಾಯಿತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಮಜ್ಜೆ ಕೊಟ್ಟಳು. ದಿನವೂ ತಮ್ಮನ ಕೋಣೆಯ ಗಾಜಿನ ಮುಂದೆ ನಿಂತಳು. ಅವನು ಕೈ ಎತ್ತಿದರೆ ಮುಖ ತಿರುಗಿಸಿದಳು. ನಾನು ಬೈದೆ.

"ಸುಮ್ನಿರಬೇ. ನಾವಿಬ್ರೂ ಒಂದಾಗೀವಿ ಅಂತ ಆ ಕಾವಲು ಜೀವಕೋಶಕ್ಕ ಗೊತ್ತಾದ್ರ ಬ್ರೇಕ್ ಬೀಳ್ತದ," ಎಂದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಈ ಹುಚ್ಚಿಗೆ ಏನನ್ನಬೇಕು. ಒಳಗೆ ಗದ್ದೆಪ್ಪ, ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲವೆಂದು ಊಟ ಬಿಟ್ಟ. ತಡೆಯಲಾರದೆ ನಾನೇ ಫೋನಿನಲ್ಲಿ ಅವನಿಗೆ ಕಾರಣ ಹೇಳಿದೆ. ಅಂದಿನಿಂದ ಉಣ್ಣತೊಡಗಿದ.

ಮೂವತ್ತನೆಯ ದಿನದ ವರದಿಯಲ್ಲಿ ರೋಗ ಕಾಣಲಿಲ್ಲ. ಆದಮ್ಮನ ವ್ರತದ ಸುದ್ದಿ ಕೇಳಿದ ಡಾಕ್ಟರು, ಮಾತಿಗೂ ಜೀವಕೋಶಕ್ಕೂ ಸಂಬಂಧವಿಲ್ಲವೆಂದು ಬಿಡಿಸಿ ಹೇಳಿ, ಮಾಸ್ಕ್ ಹಾಕಿಸಿ ಅವಳನ್ನು ಒಳಗೆ ಕಳಿಸಿದರು. ನಾನು ಗಾಜಿನ ಬಾಗಿಲಲ್ಲಿ ನಿಂತೆ. ಅವಳು ಮಂಚದ ಹತ್ತಿರ ಹೋಗಿ "ತಮ್ಮಾ" ಎಂದಳು.

ಗದ್ದೆಪ್ಪ ಗಾಬರಿಯಾಗಿ ಅವಳ ಬಾಯಿಗೆ ಕೈ ಅಡ್ಡ ತಂದ.

"ಮಾತಾಡಬ್ಯಾಡಬೇ ಅಕ್ಕ. ಇನ್ನೊಂದು ಟೆಸ್ಟ್ ಐತಿ. ನಾ ಬದುಕಬೇಕು."

ಡಾಕ್ಟರು ಹೇಳಿದ್ದನ್ನು ಹೇಳಬೇಕೆಂದರೂ ಮಾತಾಡಬೇಕಲ್ಲ. ಆದಮ್ಮ ತಲೆಯಾಡಿಸಿದಳು. ಭೇಟಿಯ ಹೊತ್ತು ಮುಗಿಯುವವರೆಗೂ ಅವನ ಕೈ ಹಿಡಿದುಕೊಂಡು ಸುಮ್ಮನೆ ಕುಳಿತಳು.