ಕ್ಷಮಾಪತ್ರಕ್ಕೆ ಹನ್ನೆರಡು ಸಹಿ

ಉದ್ಘಾಟನೆ ಒಂಬತ್ತಕ್ಕೆ ಎಂದಿದ್ದರು. ಹನ್ನೊಂದಾದರೂ ಹಾವೇರಿಯಿಂದ ಬರಬೇಕಿದ್ದ ಅತಿಥಿಗಳ ಕಾರಿನ ಸುಳಿವಿಲ್ಲ. ರಾಣೆಬೆನ್ನೂರಿನ ಆ ಮೈದಾನದಲ್ಲಿ ಕ್ರೀಡಾಕೂಟಕ್ಕೆ ಬಂದ ಮಕ್ಕಳನ್ನೆಲ್ಲ ಬಿಸಿಲಿಗೆ ಸಾಲಾಗಿ ನಿಲ್ಲಿಸಿ, ದೊಡ್ಡವರೆಲ್ಲ ಶಾಮಿಯಾನದ ಕೆಳಗೆ ಚಹಾ ಕುಡಿಯುತ್ತಿದ್ದರು. ನಾನೂ ಕುಡಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಬ್ಯಾಡಗಿ ಸಮೀಪದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಹುಡುಗಿಯರ ಖೋ ಖೋ ತಂಡಕ್ಕೆ ನಾಯಕಿಯನ್ನು ನಾನು ಆರಿಸುವುದಿಲ್ಲ, ಅವರೇ ಆರಿಸಿಕೊಳ್ಳಬೇಕು. ಸುಗ್ಗಿಯಲ್ಲಿ ಬೆಳಿಗ್ಗೆ ಮೆಣಸಿನಕಾಯಿ ತೊಟ್ಟು ಬಿಡಿಸಿ, ಅರ್ಧ ಹೊಟ್ಟೆಯಲ್ಲಿ ಓಡಿ ಬರುವ ಹುಡುಗಿಯರು ಅವರು. ಆ ವರ್ಷ ಆರಿಸಿದ್ದು ಓಟದಲ್ಲಿ ಮುಂದಿದ್ದವಳನ್ನಲ್ಲ, ಬೇರೊಬ್ಬಳನ್ನು. ಯಾಕೆಂದು ಕೇಳಿದ್ದಕ್ಕೆ, "ಯಾರು ಉಂಡು ಬಂದಿಲ್ಲ ಅನ್ನೂದು ಅಕಿಗೆ ಮೊದ್ಲ ಗೊತ್ತಾಗ್ತೈತ್ರಿ ಸರ" ಅಂದರು. ನನಗೆ ಹೆಮ್ಮೆಯಾಯಿತು. "ತಂಡ ನಿಂದು. ಯಾರಿಗೆ ಏನಾದ್ರೂ ನನ್ನ ಕೇಳಾಕ ಬರಬ್ಯಾಡ, ನೀನ ನೋಡ್ಕೊ" ಎಂದು ಅವಳಿಗೆ ಹೇಳಿದವನೂ ನಾನೇ.

ಅವತ್ತು ಅವಳು ಅದನ್ನೇ ಮಾಡಿದಳು. ತಂಡದ ಒಬ್ಬಳು ಕಣ್ಣಿಗೆ ಕತ್ತಲೆ ಬಂದು ಕುಸಿದಾಗ, ಅವಳನ್ನು ಎತ್ತಿಸಿಕೊಂಡು, ಎಲ್ಲರನ್ನೂ ಕರೆದುಕೊಂಡು ಸಾಲು ಬಿಟ್ಟು ಬೇವಿನ ಗಿಡದ ನೆರಳಿಗೆ ಹೋದಳು. ಆಗಲೇ ಅತಿಥಿಗಳ ಕಾರು ಒಳಗೆ ಬರಬೇಕೆ.

ಕೂಟದ ಉಸ್ತುವಾರಿ ಹೊತ್ತಿದ್ದವರು ನನ್ನ ಮೇಲೆ ಹರಿಹಾಯ್ದರು. "ಏನ್ ಶಿಸ್ತು ಕಲಿಸೀರಿ ಮಾಸ್ತರ? ನಾಯಕಿ ಕ್ಷಮಾಪತ್ರ ಬರದುಕೊಡ್ಲಿ. ಇಲ್ಲಂದ್ರ ಗಂಟು ಮೂಟಿ ಕಟ್ರಿ."

ಬಿದ್ದ ಹುಡುಗಿ ಹೇಗಿದ್ದಾಳೆ ಎಂದು ಆ ಪುಣ್ಯಾತ್ಮ ಒಂದು ಮಾತು ಕೇಳಲಿಲ್ಲ. ಮೈಯೆಲ್ಲ ಸೊಕ್ಕು. ಅವನ ಮುಖಕ್ಕೆ ಹೇಳಬೇಕಿದ್ದ ಮಾತುಗಳು ನನಗೆ ಇವತ್ತಿಗೂ ಬಾಯಿಪಾಠ. ಆದರೆ ಬಡವನ ಸಿಟ್ಟು ದವಡೆಗೆ ಮೂಲ. ಹಲ್ಲು ಕಚ್ಚಿಕೊಂಡು, "ಆತ್ರಿ ಸರ, ಕೊಡಸ್ತೇನಿ" ಎಂದೆ.

ಪತ್ರವನ್ನು ನಾನೇ ಬರೆದೆ. 'ಅಶಿಸ್ತಿನಿಂದ ವರ್ತಿಸಿದ್ದಕ್ಕೆ' ಎಂಬಲ್ಲಿ ನಾಯಕಿ ನಿಂತು ಎರಡು ಸಲ ಓದಿದಳು.

"ನಾ ಏನ್ ತಪ್ಪು ಮಾಡೇನ್ರಿ ಸರ?"

"ಏನೂ ಇಲ್ಲವಾ. ಆದ್ರ ಸಹಿ ಮಾಡು. ಇಷ್ಟು ದಿನಾ ಬೆವರು ಸುರಿಸೀರಿ, ಆಡದನ ಹೊಳ್ಳಿ ಹೋಗೂದನು?"

ಗೆಳತಿಯರ ಮುಖ ನೋಡಿ ಸಹಿ ಮಾಡಿದಳು. ಪಕ್ಕದವಳು ಅವಳ ಕೈಯಿಂದ ಪೆನ್ನು ಇಸಿದುಕೊಂಡು ಕೆಳಗೆ ತನ್ನ ಹೆಸರು ಬರೆದಳು. ಆಮೇಲೆ ಇನ್ನೊಬ್ಬಳು.

"ಏ, ನಾಯಕಿದು ಒಂದ ಸಾಕು" ಎಂದು ಗದರಿಸಿದೆ.

"ಅಕಿ ಒಬ್ಬಾಕಿನ ಹೋಗಿಲ್ರಿ ಸರ. ನಾವೂ ಹೋಗೇವಿ."

ಬಿದ್ದಿದ್ದ ಹುಡುಗಿಯೂ ಎದ್ದು ಕುಳಿತು ಬರೆದಳು. ಹನ್ನೆರಡು ಹೆಸರಾದವು. ಕೊನೆಗೆ ನಾಯಕಿ ಕಾಗದವನ್ನೂ ಪೆನ್ನನ್ನೂ ನನ್ನತ್ತ ಚಾಚಿದಳು. ಹಾಳೆಯಲ್ಲಿ ಕೆಳಗೆ ಇನ್ನೂ ಜಾಗವಿತ್ತು.

"ಲಗೂ ನಡೀರಿ, ಮ್ಯಾಚ್ ಸುರು ಆಗ್ತೈತಿ" ಎಂದು ನಾನು ಪೆನ್ನನ್ನು ಕಿಸೆಗೆ ಹಾಕಿಕೊಂಡೆ.