ಗೌರತ್ತೆಯ ಗಿರಣಿಗೆ ಬಂದ ಹೊಸ ತೋಳುಗಳು

ನಿಮ್ಮ ತಾಯಿಯೋ ಅಜ್ಜಿಯೋ ಬೀಸುವ ಕಲ್ಲನ್ನು ಮೂಲೆಗೆ ಸರಿಸಿದ್ದು ಯಾರ ದೆಸೆಯಿಂದ ಎಂದು ಎಂದಾದರೂ ಕೇಳಿದ್ದೀರಾ? ನಾನು ಈ ಪ್ರಶ್ನೆಯನ್ನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ಸರ್ಕಾರ ಎನ್ನುತ್ತಾರೆ, ವಿದ್ಯುತ್ತು ಎನ್ನುತ್ತಾರೆ, ಕಾಲ ಎನ್ನುತ್ತಾರೆ. ನನಗೆ ಮಾತ್ರ ಆಗ ಹೊಸದಾಗಿ ಬಿದ್ದ ಜೋಳದ ಹಿಟ್ಟಿನ ಬಿಸಿ ವಾಸನೆ, ಅದರೊಳಗೆ ಬೆರೆತ ಡೀಸೆಲ್ ಹೊಗೆಯ ಘಾಟು ಮೂಗಿಗೆ ಬರುತ್ತದೆ. ಅದರ ಹಿಂದೆಯೇ, ಹರಿಹರದ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತ ಸೋದರತ್ತೆ ಗೌರಮ್ಮ ಕಣ್ಣಿಗೆ ಕಟ್ಟುತ್ತಾಳೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲವದು. ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅತ್ತೆ, ತಾತ ತೀರಿಕೊಂಡ ಮೇಲೆ ಅವರ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ನಸುಕಿನಲ್ಲೇ ಹೆಂಗಸರು ಜೋಳದ ಪುಟ್ಟಿಗಳನ್ನು ಸಾಲಾಗಿ ಇಟ್ಟು, ಸರದಿ ಬರುವವರೆಗೆ ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದರು. ಅವರ ಬಾಳಿಗೆ ಹೊಸದಾಗಿ ದಕ್ಕಿದ್ದ ಬಿಡುವು ಅದು. ನಾನು ಶಾಲೆಗೆ ಹೋಗುತ್ತಿದ್ದುದೂ ಅದೇ ಬಿಡುವಿನ ಬಲದಿಂದ; ಗಿರಣಿ ಇಲ್ಲದಿದ್ದರೆ ಬೀಸುವ ಕಲ್ಲಿನ ಇನ್ನೊಂದು ಬದಿಗೆ ಕೂರಬೇಕಾದವಳು ನಾನೇ. ಅಂಥ ಗಿರಣಿಯ ಇಂಜಿನ್ನು ಒಂದು ವರ್ಷದಿಂದ ಸೊರಗುತ್ತಾ ಬಂದಿತ್ತು. ಬರಿದೇ ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ಜೋಳ ಸುರಿದೊಡನೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು.

“ಗೌರಕ್ಕ, ನಿಮ್ಮ ಇಂಜಿನ್ನು ಉಪಾಸ ಹಿಡದೈತೇನ್ರಿ? ಉಸ್ ಅಂತ ಕುಂತುಬಿಡ್ತೈತೆ” ಎಂದು ಒಂದು ಬೆಳಿಗ್ಗೆ ಪಕ್ಕದ ಮನೆಯ ನಿಂಗಮ್ಮ ಚುಚ್ಚಿದಳು.

“ನಿನ್ನ ಗಂಡಗಿಂತ ವಾಸಿ ಬಿಡು, ಬೆಳಗಿಂದ ಎದ್ದಾದ್ರೂ ಐತೆ” ಎಂದಳು ಅತ್ತೆ. ಎಲ್ಲರೂ ನಕ್ಕರು, ಅತ್ತೆಯ ಮುಖದಲ್ಲಿ ನಗುವಿರಲಿಲ್ಲ. ಹಿಂದಿನ ಸಂಜೆಯಷ್ಟೇ ಅವಳ ಅಣ್ಣ, ನಮ್ಮ ದೊಡ್ಡಪ್ಪ, ಪಡಸಾಲೆಯಲ್ಲಿ ಕುಳಿತು ತೀರ್ಪು ಕೊಟ್ಟಿದ್ದರು: “ಹೊಗಿ ಕುಡದಿದ್ದು ಸಾಕು ಗೌರಿ. ಬರೋ ಅಮಾಸೆಗೆ ಶೆಡ್ಡು ಶೇಂಗಾ ಮಂಡಿಯೋರಿಗೆ ಬಿಟ್ಟುಕೊಡ್ತೀನಿ. ನೀನು ಒಳಗ ಅಡಿಗಿ ನೋಡ್ಕೊ.”

“ಅಮಾಸೆ ತನಕ ನಂದ ತಾನೆ, ಅಣ್ಣಾ?” ಎಂದಷ್ಟೇ ಕೇಳಿದ್ದ ಅತ್ತೆ, ಆ ಬೆಳಿಗ್ಗೆಯೇ ದಾವಣಗೆರೆಗೆ ಹೇಳಿಕಳಿಸಿದಳು.

ಅಲ್ಲಿಂದ ಬಂದವರು ಹುಸೇನ್ ಚಾಚಾ. ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡಿದ್ದ ಅವರು ತಾತನ ಸ್ನೇಹಿತರು. ಈ ಇಂಜಿನ್ನನ್ನು ಕೂರಿಸಿದವರೂ ಅವರೇ. ಇಂಜಿನ್ನಿನ ನೆತ್ತಿಯ ಮೇಲೆ, ಮುಚ್ಚಳವಿಲ್ಲದೆ, ಕಬ್ಬಿಣದ ಎರಡು ಪುಟ್ಟ ತೋಳುಗಳಿದ್ದವು. ರಾಕರ್ ಆರ್ಮ್ ಎಂದು ಅವುಗಳ ಹೆಸರು. ಏತದ ಮರದಂತೆ ಒಂದು ತುದಿ ಎದ್ದಾಗ ಇನ್ನೊಂದು ತುದಿ ಬಾಗಿ ವಾಲ್ವನ್ನು ಒತ್ತಿ ತೆರೆಯುತ್ತಿತ್ತು. ಇಂಜಿನ್ನು ಉಸಿರೆಳೆದು ಬಿಡುತ್ತಿದ್ದುದು ಹಾಗೆ. ಸದಾ ತಲೆದೂಗುತ್ತಿದ್ದ ಅವುಗಳನ್ನೇ ನಮ್ಮ ಮನೆಯವರು ಇಂಜಿನ್ನಿನ ಮುಖವೆಂದು ಭಾವಿಸಿದ್ದರು. ಪ್ರತಿ ಶುಕ್ರವಾರ ಅವಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂ ಮುಡಿಸುವುದು ಅತ್ತೆಯ ಪದ್ಧತಿ. ಚಾಚಾ ಒಂದು ತೋಳನ್ನು ಬಿಚ್ಚಿ, ಅದರ ನಡುವಿನ ರಂಧ್ರದೊಳಗೆ ತಂತಿ ತೂರಿಸಿದರು. ಕೆಂಪು ಹಳದಿ ಬೆರೆತ ಗಟ್ಟಿ ಗಂಟೊಂದು ಅಂಗೈಗೆ ಉದುರಿತು.

“ಇದು ಎಣ್ಣಿ ಕುಡಿಯೋ ಬಾಯಿ ಅಕ್ಕಾ. ಎಣ್ಣಿ ಸಿಗದೇ ಒಳಗೆಲ್ಲಾ ಸವದೈತೆ. ವಾಲ್ವು ಅರ್ಧಾನೂ ತೆರೀತಿಲ್ಲ.”

ಅತ್ತೆ ಆ ಗಂಟನ್ನು ಬೆರಳಿನಿಂದ ಪುಡಿ ಮಾಡಿ ನೋಡಿದಳು. “ಭಕ್ತೀಲಿ ನಾನೇ ಇದರ ಬಾಯಿ ಮುಚ್ಚಿದ್ನಲ್ಲ. ನೀವ್ಯಾಕ ಮೊದಲ ಹೇಳ್ಲಿಲ್ಲ ಭಾಯಿ?”

“ಪೂಜೆ ವಿಷ್ಯ, ನಾನು ಹೆಂಗೆ ಬಾಯಿ ಹಾಕ್ಲಿ ಅಂತ ಸುಮ್ಕಿದ್ದೆ.”

“ಇನ್ನ ಮ್ಯಾಲೆ ಸುಮ್ಕಿರಬ್ಯಾಡ್ರಿ.”

ಹಳೆಯವುಗಳಂಥವೇ ಎರಡು ತೋಳುಗಳನ್ನು ಮಾಡಿ ತರುವುದಾಗಿ ಚಾಚಾ ಹೇಳಿದರು. ಅತ್ತೆ ಒಪ್ಪಲಿಲ್ಲ. ವಾಲ್ವಿನ ನೆತ್ತಿಗೆ ಉಜ್ಜಿ ಉಜ್ಜಿ ತೋಳಿನ ತುದಿಯೂ ತಗ್ಗಾಗಿದ್ದುದನ್ನು ತೋರಿಸಿ, “ಬಾವಿ ಕಟ್ಟಿಗೆ ಹಗ್ಗ ಉಜ್ಜಿದ್ರ ಸವೀತೈತೆ, ರಾಟೆ ಇದ್ರ ಸವಿಯಲ್ಲ. ಇಲ್ಲೊಂದು ಸಣ್ಣ ರಾಟೆ ಕೂಡ್ರಿಸಾಕ ಆಗಲ್ಲೇನ್ರಿ?” ಎಂದಳು. ಚಾಚಾ ತೋಳಿನ ತುದಿಯನ್ನು ಬೆರಳಿನಿಂದ ಅಳೆದು ನೋಡಿ, “ಆಗತೈತೆ ಅಕ್ಕಾ. ತೋಳೂ ಒಂಚೂರು ಉದ್ದ ಮಾಡೋಣ, ಬಾಯಿ ಇನ್ನಷ್ಟು ಅಗಲ ತೆರೀಲಿ” ಎಂದರು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಹೊಸ ತೋಳುಗಳು ಬಂದವು. ತುದಿಯಲ್ಲಿ ಗಟ್ಟಿ ಉಕ್ಕಿನ ಪುಟ್ಟ ಗಾಲಿ, ನಡುವೆ ಸವೆತ ತಡೆಯುವ ಕಂಚಿನ ಬಳೆಯಂಥ ಬುಷ್, ಎಣ್ಣೆಯ ರಂಧ್ರಕ್ಕೆ ಹಿತ್ತಾಳೆಯ ಮುಚ್ಚಳ. ಉದ್ದ ಹೆಚ್ಚಿದ ತೋಳು ವಾಲ್ವನ್ನು ಒಳಗೆ ಏರಿಳಿಯುವ ಪಿಸ್ಟನ್ನಿಗೆ ತಾಗಿಸಿಬಿಟ್ಟರೆ ಇಂಜಿನ್ನೇ ಹಾಳಾಗುತ್ತಿತ್ತು. ಆದ್ದರಿಂದ ಅತ್ತೆ ದೊಡ್ಡ ಚಕ್ರವನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದಳು. ಚಾಚಾ ಕಿವಿಯಾನಿಸಿ ಕೇಳಿ, ಎಲ್ಲೂ ತಾಗುತ್ತಿಲ್ಲವೆಂದು ತಲೆಯಾಡಿಸಿದರು. ಇಂಜಿನ್ನು ಎದ್ದಿತು. ಕಟ್ಟೆಯ ಮೇಲಿನ ಹೆಂಗಸರೆಲ್ಲ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ದೊಡ್ಡಪ್ಪ ತಾವೇ ಮುಂದೆ ಬಂದು, ಪರೀಕ್ಷಕರ ಗಾಂಭೀರ್ಯದಿಂದ, ಒಂದು ಪುಟ್ಟಿ ಜೋಳವನ್ನು ಒಮ್ಮೆಲೇ ಸುರಿದರು. ಸದ್ದು ಕ್ಷಣಕಾಲ ದಪ್ಪವಾಯಿತು, ಆದರೆ ತಗ್ಗಲಿಲ್ಲ. ಹಿಟ್ಟು ಬೆಚ್ಚಗೆ, ನುಣ್ಣಗೆ, ತಡೆಯಿಲ್ಲದೆ ಇಳಿಯಿತು. ದೊಡ್ಡಪ್ಪ ಇನ್ನೊಂದು ಪುಟ್ಟಿ ಸುರಿದರು, ಅದೂ ಇಳಿಯಿತು.

“ಇಂಜಿನ್ನಿನ ಉಪಾಸ ಮುಗೀತು ಬಿಡ್ರಿ” ಎಂದಳು ನಿಂಗಮ್ಮ.

ದೊಡ್ಡಪ್ಪ ಮೀಸೆಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡು, “ಮಂಡಿಯೋರಿಗೆ ಬ್ಯಾಡ ಅಂತ ಹೇಳಿ ಕಳಿಸ್ತೀನಿ” ಎಂದರು. ಅತ್ತೆ ಮುಂದಿನ ಪುಟ್ಟಿಗೆ ಕೈ ಚಾಚಿದಳು. ಅಂದು ಅವಳು ನಿಂತಿದ್ದ ರೀತಿಯಲ್ಲಿದ್ದ ಗೆಲುವನ್ನು ಆಮೇಲೆ ನಾನು ಹತ್ತಿದ ಯಾವ ಸಭೆಯ ವೇದಿಕೆಯಲ್ಲೂ ಕಾಣಲಿಲ್ಲ. ಅಲ್ಲಿಂದ ಮುಂದೆ ಶುಕ್ರವಾರದ ಅರಿಶಿನ ಕುಂಕುಮ ಶೆಡ್ಡಿನ ಗೋಡೆಗೆ ಸಲ್ಲುತ್ತಿತ್ತು, ಇಂಜಿನ್ನಿಗೆ ಎಣ್ಣೆ. ಅವಳ ಭಕ್ತಿ ಕಡಿಮೆಯಾಗಲಿಲ್ಲ. ಅದಕ್ಕೆ ಅರಿವು ಜೊತೆಯಾಯಿತು.

ಈಗ ಆ ಶೆಡ್ಡಿಲ್ಲ, ಕಟ್ಟೆಯಿಲ್ಲ. ಅತ್ತೆಯೂ ಚಾಚಾ ಅವರೂ ಮಣ್ಣು ಸೇರಿ ಬಹಳ ಕಾಲವಾಯಿತು. ಬಿಚ್ಚಿಹಾಕಿದ ಹಳೆಯ ತೋಳೊಂದು ನನ್ನ ಮೇಜಿನ ಮೇಲಿದೆ. ಅದರ ರಂಧ್ರದ ಅಂಚಿನಲ್ಲಿ ಅರಿಶಿನದ ಬಣ್ಣ ಇನ್ನೂ ಮಾಸಿಲ್ಲ. ಅದನ್ನು ನೋಡುತ್ತಾ ನಿಮ್ಮಲ್ಲಿ ಒಂದೇ ಬೇಡಿಕೆ ಇಡುತ್ತೇನೆ: ನಿಮ್ಮ ಮನೆಯಲ್ಲಿ ಯಾವ ಯಂತ್ರವಿದ್ದರೂ ಸರಿ, ಈ ವಾರ ಅದರ ಮುಚ್ಚಳವನ್ನು ನಿಮ್ಮ ಮಗಳ ಕೈಯಿಂದ ತೆಗೆಸಿ, ಎಣ್ಣೆ ಎಲ್ಲಿ ಬಿಡಬೇಕೆಂದು ಅವಳಿಗೆ ತೋರಿಸಿಕೊಡಿ.